ಇಮಾಂಬಿ ಕೈ ಎತ್ತಿದ ವರ್ಷ

ಹೋದ ತಿಂಗಳು ಕುರುಗೋಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಬೆಳಗಿನ ಜಾವ ಸಣ್ಣ ಮಳೆ ಬಿದ್ದು ನಿಂತಿತ್ತು. ನನ್ನ ಹೆಂಡತಿ ಇಮಾಂಬಿ ಎಂದಿನಂತೆ ಚಹಾಕ್ಕೂ ಮೊದಲು ನಡೆಯಲು ಹೊರಟಳು. ನಾನು ಅವಳ ಹಿಂದೆ. ಊರು ದಾಟಿದಲ್ಲಿ ಹಳೆಯ ಅದಿರಿನ ಲಾರಿಯೊಂದು ಗಾಲಿಗಳಿಲ್ಲದೆ ಕಲ್ಲುಗಳ ಮೇಲೆ ಕೂತಿದೆ. ಅದರ ತೊಟ್ಟಿಯಿಂದ ಮಳೆನೀರು ಕೆಂಪಗೆ ಇಳಿಯುತ್ತಿತ್ತು. ತುಕ್ಕೋ, ಉಳಿದ ಅದಿರಿನ ಪುಡಿಯೋ ಗೊತ್ತಿಲ್ಲ. ವಾಸನೆ ಮಾತ್ರ ಗಣಿಯ ಕಾಲದ್ದೇ. ಒದ್ದೆ ಕಬ್ಬಿಣವನ್ನು ನಾಲಿಗೆಗೆ ಮುಟ್ಟಿಸಿದಂಥ ವಾಸನೆ. ನಾನು ನಿಂತುಬಿಟ್ಟೆ.

ಮುಂದೆ ಹೋಗಿದ್ದವಳು ತಿರುಗಿ ನೋಡಿದಳು. "ಯಾಕ, ಸಾಕಾತೇನು?"

"ಇಲ್ಲ, ಬಂದೆ."

"ಬರೂದಿದ್ರ ಬರ್ರಿ. ನಿಂತ್ರ ಕಾಲು ಹಿಡಿತಾವ."

ಅವಳಿಗೆ ಈಗ ಅರವತ್ತೇಳು. ನನಗೆ ಎಪ್ಪತ್ತಮೂರು. ಅವಳ ನಡಿಗೆಗೆ ನಾನು ಯಾವತ್ತೂ ಸರಿಗಟ್ಟಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಮನೆಯ ಹೆಂಗಸೊಬ್ಬಳು ಬಂದಳು. ಅವಳ ಅತ್ತೆಗೆ ಎದೆಯ ಕ್ಯಾನ್ಸರ್ ಆಪರೇಷನ್ ಆಗಿ ವಾರವಾಗಿತ್ತಂತೆ. ನಮ್ಮ ಮಗಳು ರಜಿಯಾ ಅವಳಿಗೆ ಬುದ್ಧಿ ಹೇಳಿದಳು: "ಕೈಗೆ ವ್ಯಾಯಾಮ ಏನೇನು ಅಂತ ನೀವಾ ಬೆನ್ನು ಹತ್ತಿ ಕೇಳ್ರಿ. ನಮ್ಮ ಅಮ್ಮನ ಹೊತ್ತಿನ್ಯಾಗ ಆ ಸಿಸ್ಟರು ಒಂದು ಮಾತು ಹೇಳಲಿಲ್ಲ, ಒಂದು ಕಾಗದ ಕೊಡಲಿಲ್ಲ. ಅಮ್ಮನ ಕೈ ಕಟ್ಟಿಗಿ ಆಗಿಬಿಟ್ಟಿತ್ತು."

ಇಮಾಂಬಿ ನನ್ನ ಕಡೆ ನೋಡಿದಳು. ನಾನು ಅನ್ನ ಕಲಸುತ್ತ ಕೂತೆ.

ಆ ಸಿಸ್ಟರ್ ಹೇಳಿದ್ದಳು. ಕಾಗದವನ್ನೂ ಕೊಟ್ಟಿದ್ದಳು. ನನ್ನ ಕೈಗೇ ಕೊಟ್ಟಿದ್ದಳು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಆ ಹುಡುಗಿ ಬೈಸಿಕೊಂಡದ್ದು ನನ್ನ ಪಾಲಿನದು. ಸಂಜೆ ಇಮಾಂಬಿಯನ್ನು ಕೇಳಿದೆ, ನೀನಾದರೂ ಮಗಳಿಗೆ ಯಾಕೆ ಹೇಳಲಿಲ್ಲ ಎಂದು. "ಅದು ಹೇಳೂದು ನಿಮ್ಮ ಕೆಲಸ. ನನ್ನ ಕೆಲಸ ನಾ ಅವತ್ತಾ ಮುಗಿಸೀನಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ನಮ್ಮ ಮನೆತನದ ಕೆಲಸ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ, ಮನೆಯ ಮುಂಭಾಗವೇ ಅಂಗಡಿ. ಗಣಿಯ ಕಾಲ ಬಂದಾಗ ಊರಿಗೆ ಊರೇ ಹೊಸ ಮನೆ ಕಟ್ಟಿತು. ಮನೆ ಕಟ್ಟಿದವರು ಮಂಚ ಮಾಡಿಸಿದರು, ಮಂಚ ಮಾಡಿಸಿದವರು ಗಾದಿಗೆ ನನ್ನ ಹತ್ತಿರ ಬಂದರು. ಗಣಿ ಕಚೇರಿಗಳ ಅತಿಥಿಗೃಹಕ್ಕೆ, ಡ್ರೈವರುಗಳು ಮಲಗುವ ಶೆಡ್ಡಿಗೆ, ಎಲ್ಲಕ್ಕೂ ಗಾದಿ ಬೇಕು. ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಮುಂಜಾನೆ ಹಿಂಜಿ ಹರವಿದ ಬಿಳಿ ಹತ್ತಿಯ ಮೇಲೆ ಸಂಜೆಗೆ ಕೆಂಪು ಪದರ ಕೂತಿರುತ್ತಿತ್ತು. ನಾನು ಹಿಂಜಿದರೆ ಇಮಾಂಬಿ ಹೊಲಿಯುತ್ತಿದ್ದಳು. ದಬ್ಬಣ ಚುಚ್ಚಿ ದಾರ ಎಳೆಯುವಾಗ ಅವಳ ಬಲಗೈ ತಲೆಯ ಮೇಲೆ ಹೋಗಿ ಇಳಿಯುತ್ತಿತ್ತು, ದಿನಕ್ಕೆ ಎಷ್ಟು ಸಲವೋ. ಆ ಕೈಯನ್ನು ನಾನು ಆಗ ನೋಡಿಯೇ ಇರಲಿಲ್ಲ.

ಅಂಥ ಭರಾಟೆಯ ಒಂದು ಬೇಸಿಗೆಯಲ್ಲಿ ಅವಳ ಬಲ ಎದೆಯಲ್ಲಿ ಗಂಟು ಕಂಡಿತು. ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ಆ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು.

ಮನೆಗೆ ಕಳಿಸುವ ದಿನ ಸಿಸ್ಟರ್ ಒಂದು ಕಾಗದ ಹಿಡಿದು ಬಂದಳು. ನಮ್ಮ ರಜಿಯಾಳ ವಯಸ್ಸಿನ ಹುಡುಗಿ. ಇಮಾಂಬಿ ಮಂಚದ ಮೇಲೆ ಅರೆಗಣ್ಣು ಮುಚ್ಚಿ ಒರಗಿದ್ದಳು. ಅವಳಿಗೆ ಓದಲು ಬಾರದೆಂದು ತಿಳಿದು ಸಿಸ್ಟರ್ ನನ್ನನ್ನು ಬಾಗಿಲ ಎದುರಿನ ವರಾಂಡಕ್ಕೆ ಕರೆದು ಒಂದೊಂದಾಗಿ ಹೇಳಿದಳು. ಕಾಗದದಲ್ಲಿ ಚಿತ್ರಗಳಿದ್ದವು. ಮುಷ್ಟಿ ಬಿಗಿದು ಬಿಡುವುದು. ಭುಜ ತಿರುಗಿಸುವುದು. ಆ ಕೈಯಿಂದಲೇ ತಲೆ ಬಾಚಿಕೊಳ್ಳುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು. ಕೊನೆಗೆ, ದಿನಾ ಅರ್ಧ ತಾಸು ನಡೆಯುವುದು, ಕಿಮೋ ಇಂಜೆಕ್ಷನ್ ನಡೆಯುವ ತಿಂಗಳುಗಳಲ್ಲೂ ಬಿಡದೆ. ಅವಳು ತಾನೇ ಗೋಡೆಗೆ ಬೆರಳಿಟ್ಟು ಮಾಡಿ ತೋರಿಸಿದಳು.

"ಎಳದಂಗಾಗತೈತಿ, ಹೆದರಬ್ಯಾಡ್ರಿ. ಅಮ್ಮಾರಿಗೆ ನೀವಾ ಓದಿ ಹೇಳ್ರಿ. ಮರೀಬ್ಯಾಡ್ರಿ ಮತ್ತ."

"ಇಲ್ಲ ತಾಯಿ, ಮರೆಯಂಗಿಲ್ಲ" ಎಂದೆ.

ಮನೆಗೆ ಬಂದ ಮೇಲೆ ಇಮಾಂಬಿ ಕೇಳಿದಳು, ಕಾಗದದಲ್ಲಿ ಏನಿದೆ ಎಂದು. ನಾನು ಕನ್ನಡಕ ಹಾಕಿಕೊಂಡೆ. ಚಿತ್ರ ಕಾಣದಂತೆ ಕಾಗದ ಹಿಡಿದು ಓದಿದೆ: "ಕೈ ಅಲುಗಿಸಬಾರದು. ಭಾರ ಎತ್ತಬಾರದು. ಆರು ತಿಂಗಳು ಹಾಸಿಗಿ ಬಿಡಬಾರದು."

"ಆರು ತಿಂಗಳಾ?" ಎಂದಳು.

"ಹಂಗಂತ ಬರದಾರ."

ಯಾಕೆ ಹಾಗೆ ಓದಿದೆ? ಮೊದಲ ಕಾರಣ ಹೆದರಿಕೆ. ಅವಳ ಪಕ್ಕದಿಂದ ಇಳಿಬಿದ್ದ ಕೊಳವೆಯಲ್ಲಿ ಕೆಂಪು ನೀರು ಕಂಡಿದ್ದೆ. ಕೈ ಎತ್ತಿದರೆ ಹೊಲಿಗೆ ಬಿಚ್ಚುತ್ತದೆ ಎಂದುಕೊಂಡೆ. ಹೊಲಿಗೆಯವನಿಗೆ ಹೊಲಿಗೆಯದೇ ಭಯ. ಮೆತ್ತಗೆ ಮಲಗಿದರೆ ಎಂಥ ನೋವೂ ಇಳಿಯುತ್ತದೆ ಎಂದು ನಲವತ್ತು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ನಂಬಿದ್ದೆ. ಇಷ್ಟೇ ಆಗಿದ್ದರೆ ದೇವರು ಕ್ಷಮಿಸುತ್ತಿದ್ದ.

ಎರಡನೆಯ ಕಾರಣ ಬೇರೆ. ಈ ರೋಗ ಅಂಟುತ್ತದೆ ಎಂದು ನಮ್ಮ ಕಡೆ ಜನ ನಂಬುತ್ತಿದ್ದರು. ಇಂಥ ರೋಗ ಇರುವ ಮನೆಯಲ್ಲಿ ಹೊಲಿದ ಗಾದಿಯ ಮೇಲೆ ಯಾರು ಮಲಗುತ್ತಾರೆ? ಓಣಿಯವರಿಗೂ ನಮ್ಮವರಿಗೂ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದ್ದೆ. ಅವಳು ದಿನಾ ಬೀದಿಯಲ್ಲಿ ನಡೆದರೆ, ಒಂದು ಬದಿ ಚಪ್ಪಟೆಯಾದ ಸೆರಗು ನೋಡಿದರೆ, ಯಾವ ಕಲ್ಲು ಎಂದು ಯಾರಿಗೂ ತಿಳಿಯುತ್ತಿತ್ತು. ವ್ಯಾಪಾರ ಕುದುರಿದ ವರ್ಷ ಅದು. ನಾನು ಅವಳನ್ನು ಗಾದಿಯ ಮೇಲೆ ಬಚ್ಚಿಟ್ಟೆ.

ಎಂಥ ಗಾದಿ ಮಾಡಿದ್ದೆ ಗೊತ್ತೆ? ಬೂರುಗದ ಹತ್ತಿಯನ್ನು ಯಂತ್ರಕ್ಕೆ ಹಾಕದೆ, ತಂತಿ ಮೀಟಿ ಹತ್ತಿ ಬಿಡಿಸುವ ಹಳೆಯ ಬಿಲ್ಲಿನಲ್ಲೇ ಮೂರು ಸಲ ಹಿಂಜಿದೆ. ಕೈ ಇಡಲು ಬೇರೆ ದಿಂಬು ಮಾಡಿದೆ. ಕಾಗದವನ್ನು ಹರಿಯಲು ಕೈ ಬರಲಿಲ್ಲ, ಡಾಕ್ಟರು ಮುಂದೆ ಯಾವಾಗಲಾದರೂ ತೋರಿಸು ಎಂದರೆ? ಅದನ್ನು ನಾಲ್ಕು ಮಡಿಕೆ ಮಾಡಿ ಆ ದಿಂಬಿನ ಹತ್ತಿಯೊಳಗೆ ಇಟ್ಟು ಹೊಲಿದೆ. ಅವಳು ತಿಂಗಳುಗಟ್ಟಲೆ ಅದರ ಮೇಲೇ ಕೈಯಿಟ್ಟು ಮಲಗಿದಳು. ಓಣಿಯವರು ನನ್ನನ್ನು ಹೊಗಳಿದರು. "ಹೆಂಡ್ತೀನ ಹೆಂಗ ನೋಡ್ಕೊತಾನ ನೋಡ್ರಿ ಹುಸೇನಪ್ಪ" ಎಂದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ.

ಇಂಜೆಕ್ಷನ್‌ಗೆ ಹೋದಾಗೆಲ್ಲ ಆ ಸಿಸ್ಟರ್ ನನ್ನನ್ನು ಕೇಳುತ್ತಿದ್ದಳು, ವ್ಯಾಯಾಮ ನಡೆದಿದೆಯೇ ಎಂದು. "ಹೂಂ ತಾಯಿ, ದಿನಾ" ಎನ್ನುತ್ತಿದ್ದೆ. ಇತ್ತ ಇಮಾಂಬಿ ಮಲಗಿ ಮಲಗಿಯೇ ದಣಿದಳು. ಕೂದಲು ಉದುರಿತು. ಊಟ ಸೇರದು, ನಿದ್ದೆ ಹತ್ತದು. ಬಚ್ಚಲಿಗೆ ಹೋಗಿ ಬಂದರೆ ಅರ್ಧ ತಾಸು ಏದುಸಿರು. ಮಾತೂ ಕಡಿಮೆಯಾಯಿತು. ರೋಗದ ದಣಿವು ಎಂದು ನಾನು ಇನ್ನೂ ಹತ್ತಿ ತುಂಬಿದೆ.

ಇಂಜೆಕ್ಷನ್ ಮುಗಿದ ಮೇಲೆ, ನಮ್ಮ ಜನ ಕರೆಂಟು ಎನ್ನುವ ಕಿರಣದ ಚಿಕಿತ್ಸೆಗೆಂದು ರೈಲಿನಲ್ಲಿ ದೂರದ ಊರಿನ ಆಸ್ಪತ್ರೆಗೆ ಹೋದೆವು. ಯಂತ್ರದ ಕೆಳಗಿನ ಹಲಗೆಯ ಮೇಲೆ ಮಲಗಿ ಬಲಗೈಯನ್ನು ತಲೆಯ ಮೇಲಕ್ಕೆ ಇಟ್ಟುಕೊಳ್ಳಬೇಕು. ಕೈ ಅಡ್ಡ ಬಂದರೆ ಕಿರಣ ಬೀಳಬೇಕಾದಲ್ಲಿ ಬೀಳುವುದಿಲ್ಲ. ಇಮಾಂಬಿ ಕೈ ಎತ್ತಲು ಹೋದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೊಮ್ಮೆ. ಕಣ್ಣಲ್ಲಿ ನೀರು ಬಂತು, ಕೈ ಬರಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಒಳಗೆ ಕರೆದರು. "ಇವರಿಗೆ ವ್ಯಾಯಾಮದ ಕಾಗದ ಕೊಟ್ಟಿರಲಿಲ್ಲವೇ?"

"ಯಾರೂ ಕೊಡಲಿಲ್ಲ ಮೇಡಂ" ಎಂದೆ. ಇಮಾಂಬಿ ಹಲಗೆಯ ಮೇಲಿಂದ ನನ್ನ ಮುಖ ನೋಡಿದಳು.

ಡಾಕ್ಟರಮ್ಮ ಬೇಸರದಿಂದ ಏನೋ ಬರೆದರು. "ಮೂರು ವಾರ ಕೊಡುತ್ತೇನೆ. ಕೈ ತಲೆಯ ಮೇಲೆ ಹೋಗಬೇಕು. ಅದಕ್ಕಿಂತ ತಡವಾದರೆ ಒಳಗೆ ಉಳಿದ ಬೇರು ಚಿಗುರಿದರೂ ಚಿಗುರಿತು. ಆಮೇಲೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ."

ಹಗಲು ರೈಲಿನಲ್ಲಿ ವಾಪಸು ಹೊರಟೆವು. ಗುಂತಕಲ್ಲು ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, ಯಾರಿಗೂ ಕೇಳಿಸದಷ್ಟು ಮೆತ್ತಗೆ ಹೇಳಿದಳು: "ಆ ಹುಡುಗಿ ಕಾಗದ ಕೊಟ್ಟಿದ್ಲು. ನಾ ಕಣ್ಣು ಮುಚ್ಚಿದ್ದಿಲ್ಲ. ಗ್ವಾಡಿಗೆ ಕೈ ಇಟ್ಟು ಏನೋ ತೋರಿಸಿದ್ಲು ನಿಮಗ."

ನಾನು ಕಾಲ ಬಳಿಯ ಚೀಲವನ್ನು ಸೀಟಿನ ಕೆಳಗೆ ಸರಿಸಿದೆ.

"ಕಾಗದ ಎಲ್ಲೈತಿ?"

"ದಿಂಬಿನಾಗ."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಮನೆಗೆ ಬಂದವಳೇ ದಬ್ಬಣವನ್ನು ನನ್ನ ಮುಂದೆ ಇಟ್ಟಳು. ನಾನು ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಹತ್ತಿ ಹತ್ತಿಕೊಂಡ ಕಾಗದವನ್ನು ಕೊಡವಿದೆ.

"ಓದ್ರಿ. ಬರದಿದ್ದಷ್ಟಾ ಓದ್ರಿ."

ಓದಿದೆ. ಒಂದು ಸಾಲೂ ಬಿಡಲಿಲ್ಲ. ಮುಗಿಸಿದಾಗ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, "ಈಗ ಪದ್ಮಾವತಿ ಟೀಚರಿಗೆ ಓದಾಕ ಕೊಡ್ತೀನಿ. ಎರಡೂ ಒಂದಾ ಅದಾವೇನು ನೋಡೂಣು" ಎಂದು ಸೆರಗು ಹೊದ್ದು ಹೊರಟಳು. ಐದು ತಿಂಗಳಲ್ಲಿ ಮೊದಲ ಸಲ ಅವಳು ಒಬ್ಬಳೇ ಬೀದಿಗೆ ಇಳಿದದ್ದು ಅದು. ಗೋಡೆ ಹಿಡಿದು, ನಿಂತು ನಿಂತು ಹೋದಳು. ನಾನು ಹಿಂದೆ ಹೋದೆ.

ಪದ್ಮಾವತಿ ಟೀಚರ್ ಹಿಂದಿನ ಓಣಿಯ ವೈಷ್ಣವರ ಮನೆಯವರು, ನಿವೃತ್ತಿಯಾಗಿ ಹತ್ತು ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಕಾಗದವನ್ನು ಪೂರ್ತಿ ಓದಿದರು. ಇಮಾಂಬಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಟೀಚರ್ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಲೇ ಹುಸೇನಿ, ಇದಕ್ಕೇನು ನಾ ನಿನಗ ಓದಾಕ ಕಲಿಸಿದ್ದು?"

ಐವತ್ತು ದಾಟಿದ ನಾನು ಅವರ ಅಂಗಳದಲ್ಲಿ ನಿಂತು ಅತ್ತೆ. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಅಳೂದು ಆಮ್ಯಾಲ. ಸುಣ್ಣದ ಕಡ್ಡಿ ತಗೊಂಬಾ" ಎಂದರು. ಅವರ ಮನೆಯ ಗೋಡೆಗೇ ಇಮಾಂಬಿಯನ್ನು ನಿಲ್ಲಿಸಿದರು. ಅವಳ ಬೆರಳು ಹತ್ತುವಷ್ಟು ಹತ್ತಿ ನಿಂತಲ್ಲಿ ಒಂದು ಗೆರೆ ಎಳೆದರು. ಅವಳ ಗಲ್ಲಕ್ಕಿಂತ ಕೆಳಗಿತ್ತು ಆ ಗೆರೆ.

"ನಾಳೆ ಇದಕ್ಕಿಂತ ಒಂದು ಬೆರಳು ಮ್ಯಾಲ. ಅಷ್ಟಾ ಸಾಕು. ಹಟ ಮಾಡಿ ಹರ್ಕೋಬ್ಯಾಡ."

ಮರುದಿನ ಒಂದು ಬೆರಳು. ಅದರ ಮರುದಿನ ಅಲ್ಲೇ. ಆಮೇಲೆ ಎರಡು ಬೆರಳು. ಜೇಡ ಗೋಡೆ ಹತ್ತುವ ಹಾಗೆ ಅವಳ ಬೆರಳುಗಳು ಒಂದರ ಮುಂದೊಂದು ಹೋಗುತ್ತಿದ್ದವು. ಮೇಲ್ದುಟಿಯ ಮೇಲೆ ಬೆವರು. ಕಂಕುಳಲ್ಲಿ ತಂತಿ ಎಳೆದಂತೆ ಬಿಗಿಯುತ್ತಿತ್ತು, ಆಗ ನಿಂತು ಉಸಿರು ಬಿಟ್ಟು ಮತ್ತೆ ಹೊರಡುತ್ತಿದ್ದಳು. ಹತ್ತಿ ಹಿಂಜುವವನ ಮಗನಾಗಿ ನಾನು ಕಸುಬುದಾರರ ಕೈಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಂಥ ಕಸುಬನ್ನು ನೋಡಿರಲಿಲ್ಲ.

ಆದರೆ ನಡೆಯುವುದು? ಓಣಿ ದಾಟಿದರೆ ಲಾರಿ, ಕೆಂಪು ಧೂಳು, ಕೆಮ್ಮು. ಏಳನೆಯ ದಿನ ಅವಳು ಚೀಲ ಕಟ್ಟಿದಳು. ಸಿರುಗುಪ್ಪದಲ್ಲಿ ಅವಳ ಅಕ್ಕ ಶೇಕಮ್ಮ ಇದ್ದಳು. ಅಲ್ಲಿ ಕಾಲುವೆಯ ದಂಡೆ ಇದೆ, ಧೂಳಿಲ್ಲ ಎಂದಳು. ನಾನೂ ಬರುತ್ತೇನೆ ಎಂದೆ.

"ಬ್ಯಾಡ. ನೀವು ಬಾಜೂಕ ಇದ್ರ ನಂಗ ಮಲಗಬೇಕನಸತೈತಿ."

ಇಪ್ಪತ್ತೊಂದು ದಿನಗಳಲ್ಲಿ ಏಳು ಹೋಗಿದ್ದವು. ಇನ್ನೊಂದು ವಾರ ನಾನು ಅಂಗಡಿಯಲ್ಲಿ ಕೂತೆ. ಬಿಲ್ಲಿನ ನಾದ ಕೇಳಿದರೆ ತಲೆ ಬೇನೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಸಿರುಗುಪ್ಪದಲ್ಲಿ ನಾಟಿಯ ಕಾಲ. ಎಲ್ಲಿ ನೋಡಿದರೂ ನೀರು ನಿಂತ ಗದ್ದೆ, ಸಾಲು ಹಿಡಿದು ಬಗ್ಗಿದ ಹೆಂಗಸರು. ಶೇಕಮ್ಮ ಬಾಗಿಲಲ್ಲೇ ನನ್ನನ್ನು ಹಿಡಿದಳು.

"ಬಂದ ನೋಡ್ರಿ ಗಾದಿ ಸಾವ್ಕಾರ. ಹಾಸಿಗಿ ತಂದೀಯೇನು ಇಲ್ಲಾ?"

"ಆಕಿ ಎಲ್ಲಿ?"

"ದಂಡಿ ಮ್ಯಾಲೆ. ಹೋಗು, ಹಿಡಿಯಾಕಾದ್ರ ಹಿಡಿ."

ಕಾಲುವೆಯ ದಂಡೆಗೆ ಹೋದೆ. ದೂರದಲ್ಲಿ ಒಬ್ಬ ಹೆಂಗಸು ಕೈ ಬೀಸಿ ನಡೆಯುತ್ತಿದ್ದಳು. ತಲೆಯಲ್ಲಿ ಎಳೆಗೂದಲು. ನಾಟಿ ಹಾಕುವವರಲ್ಲಿ ಯಾರೋ ಏನೋ ಅಂದದ್ದಕ್ಕೆ ಅವಳು ನಕ್ಕಳು. ಆ ನಗು ಕೇಳಿಯೇ ನನಗೆ ಅವಳ ಗುರುತು ಸಿಕ್ಕದ್ದು. ನಾನು ಬೇವಿನ ಮರದ ಮರೆಗೆ ನಿಂತೆ.

ಗದ್ದೆಯಿಂದ ಒಬ್ಬ ಮುದುಕಿ ನೆಟ್ಟಗಾಗಿ ಕೂಗಿ ಕೇಳಿದಳು: "ದಿನಾ ಇಷ್ಟು ಸುತ್ತು ಹೊಡೀತೀಯಲ್ಲವ್ವ, ಏನ ಕಳ್ಕೊಂಡೀ?"

ಇಮಾಂಬಿ ನಿಂತಳು. "ಕ್ಯಾನ್ಸರ್ ಆಗಿತ್ತಬೇ. ಈ ಕಡೀದು ತಗದಾರ. ಕೈ ಎತ್ತಾಕ ಬರಬೇಕಂತ, ಇಲ್ಲಂದ್ರ ಕರೆಂಟು ಕೊಡಂಗಿಲ್ಲಂತ."

ನಾನು ಓಣಿಯಿಂದ, ನೆಂಟರಿಂದ, ಗಿರಾಕಿಗಳಿಂದ ಐದು ತಿಂಗಳು ಮುಚ್ಚಿಟ್ಟದ್ದನ್ನು ಅವಳು ಬಿಸಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದಳು. ಅವರು ಮುಖ ತಿರುಗಿಸುತ್ತಾರೆ ಎಂದುಕೊಂಡೆ. ಮುದುಕಿ ಕೆಸರುಗೈಯನ್ನು ಸೊಂಟಕ್ಕೆ ಒರೆಸಿಕೊಂಡು, "ನೋವೈತೇನು?" ಎಂದಳು.

"ಐತಿ. ನಡದ ದಿನ ಕಮ್ಮಿ. ಊಟ ಸೇರತೈತಿ, ನಿದ್ದಿ ಬರತೈತಿ."

"ಎತ್ತು ಮತ್ತ, ನೋಡೂಣು ಎಷ್ಟು ಹೋಗತೈತಿ."

ಇಮಾಂಬಿ ಎತ್ತಿದಳು. ಭುಜ ದಾಟಿತು. ಕಿವಿಯ ಹತ್ತಿರ ಬಂದು ನಡುಗಿತು. ಗದ್ದೆಯ ಸಾಲೆಲ್ಲ ಸಸಿ ಹಿಡಿದ ಕೈಗಳನ್ನು ನಿಲ್ಲಿಸಿ ನೋಡುತ್ತಿತ್ತು. "ಇನ್ನಾ ನಾಕು ಬಟ್ಟು" ಎಂದಳೊಬ್ಬಳು. "ನಾಳಿ ಬಾ, ಮತ್ತ ನೋಡತೀವಿ" ಎಂದಳು ಇನ್ನೊಬ್ಬಳು. ಮತ್ತೆ ಎಲ್ಲರೂ ಬಗ್ಗಿದರು. ಅಷ್ಟೇ. ನಾನು ಹೆದರಿದ್ದ ಲೋಕ ಅಷ್ಟೇ ಇತ್ತು.

ಮರದ ಮರೆಯಿಂದ ಈಚೆ ಬಂದೆ. ಅವಳು ನನ್ನನ್ನು ನೋಡಿ ನಿಲ್ಲಲಿಲ್ಲ. "ಬರೂದಿದ್ರ ಚಪ್ಪಲಿ ತಗೀರಿ, ಜಾರತೈತಿ" ಎಂದಳು. ತೆಗೆದೆ. ಅವಳ ಹಿಂದೆ ನಡೆದೆ. ಆ ದಿನ ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಉಸಿರು ಸಾಲಲಿಲ್ಲ. ಉಳಿದ ವಾರ ಅಲ್ಲೇ ಇದ್ದು ದಿನಾ ಅವಳ ಹಿಂದೆ ನಡೆದೆ, ಗೋಡೆಯ ಮೇಲೆ ಗೆರೆ ಎಳೆಯುವ ಕೆಲಸ ಮಾತ್ರ ಅವಳು ನನಗೆ ಕೊಟ್ಟಳು. ಸುಳ್ಳು ಗೆರೆ ಎಳೆಯುತ್ತೇನೆಂದು ಶೇಕಮ್ಮ ಪಕ್ಕದಲ್ಲೇ ಕಾವಲು.

ಇಪ್ಪತ್ತೆರಡನೆಯ ದಿನ ಮತ್ತೆ ಅದೇ ಆಸ್ಪತ್ರೆ, ಅದೇ ಹಲಗೆ. ಬಾಗಿಲು ಮುಚ್ಚುವ ಮೊದಲು ನನಗೆ ಕಂಡದ್ದು ಇಷ್ಟು: ಇಮಾಂಬಿ ಮಲಗಿದಳು. ಕಣ್ಣು ಮುಚ್ಚಿದಳು. ಬಲಗೈ ಸೊಂಟದಿಂದ ಎದ್ದು, ಎದೆ ದಾಟಿ, ಮುಖ ದಾಟಿ, ನಿಧಾನವಾಗಿ ಹೋಗಿ ತಲೆಯ ಮೇಲೆ ಕೂತಿತು. ಯಾರೂ ಹಿಡಿಯಲಿಲ್ಲ. ಡಾಕ್ಟರಮ್ಮ ಬಗ್ಗಿ ಆ ಕೈಯನ್ನು ನೋಡಿದರು. ಆಮೇಲೆ, "ಹೀಗೇ ಇರಿ ಅಮ್ಮ. ಅಳತೆ ತೆಗೆಯಬೇಕು, ಹೊತ್ತು ಹಿಡಿಯುತ್ತದೆ. ಅಲುಗಬೇಡಿ" ಎಂದರು.

ಬಾಗಿಲು ಮುಚ್ಚಿತು. ಅದರ ಮೇಲೆ ಕೆಂಪು ದೀಪ ಹತ್ತಿತು.

ನಾನು ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ನನ್ನ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ನಲವತ್ತು ವರ್ಷ ಬಿಲ್ಲು ಹಿಡಿದ ಕೈ, ಗಾಯ ಕಾಣದ ಕೈ. ಸ್ವಲ್ಪ ಹೊತ್ತಿಗೆ ಬೆರಳು ಜುಮುಗುಟ್ಟಿದವು. ಭುಜ ಉರಿಯತೊಡಗಿತು. ಬಾಗಿಲು ಕಾಯುವವನು ಬಂದು ಕೇಳಿದ, "ಯಾರನ್ನ ಕರೀತಾ ಇದೀರಿ ಯಜಮಾನ್ರೆ?"

"ಯಾರನ್ನೂ ಇಲ್ಲ."

"ಮತ್ತೆ ಇಳಿಸಿ, ಜನ ನೋಡ್ತಾರೆ."

"ನೋಡಲಿ" ಎಂದೆ.

ಹಲ್ಲು ಕಚ್ಚಿ ನಿಂತೆ. ಕೈ ನನ್ನದಲ್ಲವೆನ್ನುವಂತೆ ನಡುಗಿತು, ಬಾಗಿತು, ಕೊನೆಗೆ ತಾನಾಗಿಯೇ ಕೆಳಗೆ ಬಿತ್ತು. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.